ಸೌತ್ ಪೆರೇಡಿನಿಂದ ಮಹಾತ್ಮ ಗಾಂಧಿ ರಸ್ತೆಗೆ: ಬೆಂಗಳೂರಿನ ಒಂದು ಹೆದ್ದಾರಿಯ ನಾಮಚರಿತ್ರೆ

ಸ್ಥಳನಾಮಗಳ ಅಧ್ಯಯನವು ನಮ್ಮಲ್ಲಿ ಬಹುಮಟ್ಟಿಗೆ ಗ್ರಾಮನಾಮಗಳಿಗೆ ಸೀಮಿತವಾಗಿ ನಡೆದುಬಂದಿದೆ. ಶಾಸನಗಳಲ್ಲಿ ದೊರೆಯುವ ಊರ ಹೆಸರುಗಳು ಪ್ರಾಚೀನವಾದುವು; ಅವುಗಳ ಪೂರ್ವಪದ ಉತ್ತರಪದಗಳನ್ನು ಬಿಡಿಸಿ ನೋಡುವುದರಲ್ಲಿ ಭಾಷಾಶಾಸ್ತ್ರಜ್ಞನಿಗೂ ಇತಿಹಾಸಕಾರನಿಗೂ ಸಮಾನವಾದ ಆಸಕ್ತಿಯುಂಟು. ನಗರದ ರಸ್ತೆಗಳ ಹೆಸರುಗಳಿಗೆ ಈ ಗೌರವ ದೊರೆತಿಲ್ಲ. ಅವು ಪುರಸಭೆಯ ಒಂದು ನಿರ್ಣಯದಿಂದ ಹುಟ್ಟಿ ಮತ್ತೊಂದು ನಿರ್ಣಯದಿಂದ ಅಳಿಯುವಂಥವು, ಅವುಗಳಲ್ಲಿ ಶೋಧಿಸಬೇಕಾದುದೇನೂ ಇಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬೇಕು. ಈ ಭಾವನೆಯನ್ನು ನಾವು ಒಪ್ಪಲಾರೆವು. ಹುಟ್ಟಿದ ದಿನವೂ ಅಳಿದ ದಿನವೂ ಗೊತ್ತಿರುವ ಹೆಸರು, ಕಾಲವೇ ಗೊತ್ತಿಲ್ಲದ ಹೆಸರಿಗಿಂತ ಇತಿಹಾಸಕಾರನಿಗೆ ಹೆಚ್ಚು ಪ್ರಯೋಜನಕಾರಿಯೆಂಬುದನ್ನು ಬೆಂಗಳೂರಿನ ಒಂದು ರಸ್ತೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಇಲ್ಲಿ ಪರಿಶೀಲಿಸಲಾಗುವುದು.

ಆ ರಸ್ತೆಯು ಇಂದಿನ ಮಹಾತ್ಮ ಗಾಂಧಿ ರಸ್ತೆ. ಪಶ್ಚಿಮದಲ್ಲಿ ಕಬ್ಬನ್ ಪಾರ್ಕಿನ ಅಂಚಿನ ವಿಕ್ಟೋರಿಯಾ ರಾಣಿಯ ಪ್ರತಿಮೆಯಿಂದ ಪೂರ್ವದಲ್ಲಿ ಟ್ರಿನಿಟಿ ಚರ್ಚಿನವರೆಗೆ ಅದು ಹಬ್ಬಿದೆ. ಸ್ವಾತಂತ್ರ್ಯಪೂರ್ವದಲ್ಲಿ ಅದರ ಹೆಸರು ಸೌತ್ ಪೆರೇಡ್. 1948ರ ಫೆಬ್ರವರಿ 26ರಂದು ಅದು ಮಹಾತ್ಮ ಗಾಂಧಿ ರಸ್ತೆಯಾಯಿತು. ಈ ಬದಲಾವಣೆಯನ್ನು ಕುರಿತು ಸಾಮಾನ್ಯವಾಗಿ ಹೇಳುವ ಮಾತು ಇಷ್ಟೆ: ಆಂಗ್ಲರು ಹೋದರು, ಆಂಗ್ಲರ ಹೆಸರೂ ಹೋಯಿತು, ರಾಷ್ಟ್ರಪಿತನ ಹೆಸರು ಬಂದಿತು. ಮಾತು ಸುಳ್ಳಲ್ಲ, ಆದರೆ ಎರಡು ಮುಖ್ಯ ಸಂಗತಿಗಳನ್ನು ಅದು ಮರೆಸುತ್ತದೆ. ಹೋದ ಹೆಸರು ಯಾವ ಆಂಗ್ಲನ ಹೆಸರೂ ಆಗಿರಲಿಲ್ಲ ಎಂಬುದು ಒಂದು. ಹೊಸ ಹೆಸರು ಬಂದ ದಿನ ಆ ರಸ್ತೆ ಬೆಂಗಳೂರು ನಗರದ ಪುರಾಡಳಿತಕ್ಕೆ ಇನ್ನೂ ಸೇರಿರಲಿಲ್ಲ ಎಂಬುದು ಇನ್ನೊಂದು.

ಮೊದಲು ಹೋಲಿಕೆಗಾಗಿ ಹಳೆಯ ಪೇಟೆಯ ಕಡೆಗೆ ನೋಡೋಣ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಹೇಳುವ ಆ ಪೇಟೆಯ ಬೀದಿಗಳಿಗೆ ಹೆಸರು ಬಂದುದು ಅಲ್ಲಿನ ಕಸಬುಗಳಿಂದ, ಅಲ್ಲಿ ನೆಲೆಸಿದ ಜನರಿಂದ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ತಿಗಳರಪೇಟೆ ಇವೆಲ್ಲ ಇದೇ ಬಗೆಯವು. ಬೀದಿಯ ಹೆಸರು ಕೇಳಿದೊಡನೆ ಅಲ್ಲಿ ಏನು ಮಾರುತ್ತಾರೆ, ಯಾರು ವಾಸಿಸುತ್ತಾರೆ ಎಂಬುದು ತಿಳಿಯುತ್ತಿದ್ದಿತು. ಉತ್ತರದ ಯಲಹಂಕ ಬಾಗಿಲಿನಿಂದ ದಕ್ಷಿಣದ ಕೋಟೆಯ ಕಡೆಗೆ ಹೋಗುತ್ತಿದ್ದ ರಾಜಬೀದಿ ದೊಡ್ಡಪೇಟೆ. ಅದನ್ನು ಅಡ್ಡ ಹಾಯುತ್ತಿದ್ದುದು ಚಿಕ್ಕಪೇಟೆ. ಇವು ಕಸಬಿನ ಹೆಸರುಗಳಲ್ಲವಾದರೂ ಬೀದಿಯೊಳಗೆ ನಿಂತವನು ಇಟ್ಟ ಹೆಸರುಗಳೇ. ಯಾರೂ ಕುಳಿತು ಯೋಚಿಸಿ ಇವನ್ನು ಇಟ್ಟಂತೆ ತೋರುವುದಿಲ್ಲ. ಬಳಕೆಯಿಂದ ಮೂಡಿ ಬಳಕೆಯಿಂದಲೇ ಉಳಿದವು.

ದಂಡಿನ ಪ್ರದೇಶದ ಹೆಸರುಗಳ ಸ್ವಭಾವ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲ ಸೇನೆಯ ಒಂದು ಭಾಗ ಅಲ್ಲಿಯೇ ನೆಲೆನಿಂತಿತು. ಅಲ್ಲಿನ ಹವೆ ಸೈನಿಕರಿಗೆ ಒಗ್ಗಲಿಲ್ಲ. ಜ್ವರದಿಂದ ಬಹಳ ಮಂದಿ ನರಳಿದರು. ಎತ್ತರದ ತಂಪಾದ ನೆಲವೆಂದು ಬೆಂಗಳೂರನ್ನು ಆರಿಸಿ, ಪೇಟೆಯ ಈಶಾನ್ಯಕ್ಕೆ, ಹಲಸೂರು ಕೆರೆಯ ಪಶ್ಚಿಮದ ಬಯಲಿನಲ್ಲಿ ಹೊಸ ಪಾಳೆಯವನ್ನು ರಚಿಸಿದರು. 1809ರ ಹೊತ್ತಿಗೆ ದಂಡು ಇಲ್ಲಿ ಸ್ಥಿರಪಟ್ಟಿತು. ಮದರಾಸು ಸೇನೆಯ ಎಂಜಿನಿಯರ್ ಜಾನ್ ಬ್ಲಾಕಿಸ್ಟನ್ ಇದರ ನಿವೇಶನದ ಯೋಜನೆಯನ್ನು ಹಾಕಿದವನು. ಪೇಟೆಯಂತೆ ಇದು ಮನೆಗೆ ಮನೆ ಸೇರಿ ಬೆಳೆದ ಊರಲ್ಲ. ನಡುವೆ ಒಂದು ದೊಡ್ಡ ಕವಾಯತು ಮೈದಾನವನ್ನು ಬಿಟ್ಟು, ಅದನ್ನು ಆಧಾರವಾಗಿಟ್ಟುಕೊಂಡು ಉಳಿದುದನ್ನೆಲ್ಲ ಹಂಚಿದ ಊರು.

ಸೌತ್ ಪೆರೇಡ್ ಎಂಬ ಹೆಸರಿನ ಅರ್ಥ ಈ ಮೈದಾನದಲ್ಲಿದೆ. ಪೆರೇಡ್ ಮೈದಾನದ ದಕ್ಷಿಣದ ಅಂಚಿನಲ್ಲಿ ಹಾದುಹೋಗುವ ರಸ್ತೆಯಾದುದರಿಂದ ಅದು ಸೌತ್ ಪೆರೇಡ್. ಹೆಸರಿನಲ್ಲಿ ಸ್ತುತಿಯಿಲ್ಲ, ಸ್ಮರಣೆಯಿಲ್ಲ. ದಿಕ್ಕು ಮಾತ್ರ ಇದೆ. ಆದರೆ ದಿಕ್ಕೆಂಬುದು ನಿಂತ ಸ್ಥಳವನ್ನು ಅವಲಂಬಿಸಿದುದು. ಪೇಟೆಯಿಂದ ಬರುವವನಿಗೆ ಈ ರಸ್ತೆ ಪೂರ್ವಕ್ಕಿದೆ, ಹಲಸೂರಿನಲ್ಲಿರುವವನಿಗೆ ಪಶ್ಚಿಮಕ್ಕಿದೆ. ಹಲಸೂರು, ಅದರ ಸೋಮೇಶ್ವರ ದೇವಾಲಯ, ಅದರ ಕೆರೆ ಇವೆಲ್ಲ ದಂಡಿಗಿಂತ ಎಷ್ಟೋ ಹಳೆಯವು. ಈ ರಸ್ತೆ ಯಾರಿಗೆ ದಕ್ಷಿಣವೆಂದರೆ, ಕವಾಯತು ಮೈದಾನದ ನಡುವೆ ನಿಂತವನಿಗೆ ಮಾತ್ರ. ಆ ಹೆಸರನ್ನು ಉಚ್ಚರಿಸಿದವರೆಲ್ಲರೂ, ಅರಿತೋ ಅರಿಯದೆಯೋ, ಸೈನ್ಯಾಧಿಕಾರಿಯ ಕುದುರೆ ನಿಂತಿದ್ದ ಜಾಗದಿಂದ ಊರನ್ನು ನೋಡುತ್ತಿದ್ದರು. ಆಳುವವರ ದೃಷ್ಟಿಯನ್ನು ಸಾಧಿಸಲು ವ್ಯಕ್ತಿಯ ಹೆಸರೇ ಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು.

ಸುತ್ತಲ ರಸ್ತೆಗಳನ್ನು ಸೇರಿಸಿಕೊಂಡು ಓದಿದರೆ ಈ ಮಾತು ಇನ್ನೂ ದೃಢವಾಗುತ್ತದೆ. ಮೈದಾನದ ಉತ್ತರದ ಕಡೆ ಇನ್‌ಫೆಂಟ್ರಿ ರಸ್ತೆ, ಅಂದರೆ ಕಾಲಾಳುಗಳದು. ಮೈದಾನದ ಪಕ್ಕದಲ್ಲಿ ಉತ್ತರಕ್ಕೆ ಹೊರಡುವುದು ಕ್ಯಾವಲ್ರಿ ರಸ್ತೆ, ರಾವುತರದು. ಸೌತ್ ಪೆರೇಡಿನಿಂದ ದಕ್ಷಿಣಕ್ಕೆ ಒಡೆಯುವುದು ಬ್ರಿಗೇಡ್ ರಸ್ತೆ. ಸೇನೆಯ ಅಂಗಗಳ ಪಟ್ಟಿಯನ್ನು ನೆಲದ ಮೇಲೆ ಬಿಡಿಸಿಟ್ಟಂತೆ ಈ ಹೆಸರುಗಳು ತೋರುತ್ತವೆ. ಒಂದೊಂದನ್ನೇ ಬಿಡಿಯಾಗಿ ನೋಡಿದಾಗ ಅಷ್ಟೇನೂ ಹೇಳದ ಹೆಸರುಗಳು ಗುಂಪಾಗಿ ನಿಂತಾಗ ಒಂದು ಯೋಜನೆಯ ದಾಖಲೆಯಾಗುತ್ತವೆ.

ಈ ಗುಂಪಿನಲ್ಲಿ ಯಾರಿಗೆ ಎಡೆಯಿಲ್ಲವೆಂಬುದನ್ನೂ ಗಮನಿಸಬೇಕು. ಮೈದಾನದ ದಕ್ಷಿಣಕ್ಕೆ ವಿಶಾಲವಾದ ಕಾಂಪೌಂಡುಗಳ ಬಂಗಲೆಗಳು; ಉತ್ತರಕ್ಕೆ ಬಜಾರು. ದಂಡಿನ ಜೊತೆಯಲ್ಲಿಯೇ ಬಂದ ವ್ಯಾಪಾರಿಗಳು, ಅಡುಗೆಯವರು, ಕುದುರೆಯಾಳುಗಳು, ಅಗಸರು, ದರ್ಜಿಗಳು ಉತ್ತರದ ಬಿಡಾರಗಳಲ್ಲಿ ನೆಲೆಸಿದರು. ಇವರಲ್ಲಿ ಬಹುಪಾಲು ಜನರು ಮದರಾಸು ಪ್ರಾಂತದವರು. ಆದುದರಿಂದ ತಮಿಳು, ತೆಲುಗು, ಉರ್ದು ಈ ಭಾಷೆಗಳು ದಂಡಿನ ಬೀದಿಗಳಲ್ಲಿ ಕೇಳಿಬರುತ್ತಿದ್ದವು. ಪೇಟೆಯ ಭಾಷೆಯಾದ ಕನ್ನಡ ಅಲ್ಲಿ ಅಲ್ಪಸಂಖ್ಯಾತರ ಭಾಷೆಯಾಯಿತು. ಪೇಟೆಯ ಕನ್ನಡಿಗನಾದರೋ ಆ ಇಡೀ ಪ್ರದೇಶಕ್ಕೆ ಒಂದೇ ಮಾತಿನ ಹೆಸರನ್ನಿಟ್ಟ: ದಂಡು. ಒಳಗಿನ ರಸ್ತೆಗಳ ಭೇದ ಅವನಿಗೆ ಬೇಕಾಗಿರಲಿಲ್ಲ. ಆಂಗ್ಲರ ಹೆಸರುಗಳಿಗಿಂತ ಈ ಹೆಸರಿಗೆ ಆಯುಸ್ಸು ಹೆಚ್ಚು. ಬೆಂಗಳೂರು ದಂಡು ರೈಲು ನಿಲ್ದಾಣದ ಕನ್ನಡ ಹೆಸರಿನಲ್ಲಿ ಅದು ಇಂದಿಗೂ ಇದೆ.

ರಸ್ತೆಯ ಎರಡು ತುದಿಗಳ ಕಟ್ಟಡಗಳೂ ದಂಡಿನವೇ. ಪಶ್ಚಿಮದ ತುದಿಗೆ ಸಮೀಪವಾಗಿ 1808ರಲ್ಲಿ ಆರಂಭವಾಗಿ 1812ರಲ್ಲಿ ಮುಗಿದ ಸೇಂಟ್ ಮಾರ್ಕ್ಸ್ ಚರ್ಚು. ಪೂರ್ವದ ತುದಿಯಲ್ಲಿ 1851ರಲ್ಲಿ ಕಟ್ಟಿದ ಟ್ರಿನಿಟಿ ಚರ್ಚು. ಎರಡೂ ಸೈನಿಕರ ಆರಾಧನೆಗಾಗಿ ಎದ್ದ ಮಂದಿರಗಳು. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಮೇಯೋ ಪ್ರಭುವಿನ ನೆನಪಿಗೆ ಮೇಯೋ ಹಾಲ್ 1883ರಲ್ಲಿ ಸಿದ್ಧವಾಯಿತು. ಬಂಗಲೆಗಳಿದ್ದ ಜಾಗಗಳಲ್ಲಿ ಮುಂದೆ ಅಂಗಡಿಗಳು, ಉಪಾಹಾರಗೃಹಗಳು, ಪುಸ್ತಕದ ಮಳಿಗೆಗಳು, ಚಿತ್ರಮಂದಿರಗಳು ಬಂದವು. ಮೈದಾನದ ಕಡೆ ಮಾತ್ರ ಕಟ್ಟಡವಿಲ್ಲದೆ ಬಯಲೇ ಉಳಿಯಿತು. ಒಂದೇ ಮಗ್ಗುಲಿನಲ್ಲಿ ಅಂಗಡಿಗಳಿರುವ ಪೇಟೆಬೀದಿ ವ್ಯಾಪಾರದ ದೃಷ್ಟಿಯಿಂದ ವಿಚಿತ್ರವೇ ಸರಿ. ರಸ್ತೆಯ ಹಳೆಯ ಹೆಸರನ್ನು ಬಲ್ಲವನಿಗೆ ಮಾತ್ರ ಅದರಲ್ಲಿ ವಿಚಿತ್ರವೇನೂ ಕಾಣದು.

ಇನ್ನು ಆಡಳಿತದ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಏಕೆಂದರೆ ನಾಮಾಂತರದ ಮಹತ್ವವು ಇದರ ಮೇಲೆ ನಿಂತಿದೆ. 1831ರಲ್ಲಿ ಮೈಸೂರಿನ ಆಡಳಿತವನ್ನು ಆಂಗ್ಲರು ತಮ್ಮ ಕೈಗೆ ತೆಗೆದುಕೊಂಡು ಕಮಿಷನರುಗಳ ಮೂಲಕ ನಡೆಸಿದಾಗ ಬೆಂಗಳೂರು ರಾಜಧಾನಿಯಾಯಿತು. ಆಗ ಪೇಟೆಯ ಮೇಲೂ ದಂಡಿನ ಮೇಲೂ ಅಧಿಕಾರ ಒಂದೇ ಕೈಯಲ್ಲಿದ್ದರೂ ಊರುಗಳು ಎರಡಾಗಿಯೇ ಉಳಿದವು. 1862ರಲ್ಲಿ ಪುರಾಡಳಿತ ಏರ್ಪಟ್ಟಾಗಲೂ ಪೇಟೆಗೊಂದು, ದಂಡಿಗೊಂದು ಎಂದು ಪ್ರತ್ಯೇಕ ಮಂಡಲಿಗಳೇ ಆದವು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ ಈ ಒಡಕಿಗೆ ರಾಜಕೀಯ ಸ್ವರೂಪ ಬಂದಿತು. ರಾಜ್ಯ ಹಿಂದಿರುಗಿತು, ದಂಡು ಹಿಂದಿರುಗಲಿಲ್ಲ. ಸುಮಾರು 13 ಚದರ ಮೈಲಿಗಳ ಆ ಪ್ರದೇಶ 'ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿ ಉಳಿಯಿತು. ಮೈಸೂರು ಸಂಸ್ಥಾನದ ನಡುವೆ ಮೈಸೂರಿನ ಶಾಸನ ನಡೆಯದ ಒಂದು ದ್ವೀಪ ಅದು. ಕಬ್ಬನ್ ಪಾರ್ಕನ್ನು ದಾಟಿ ಸೌತ್ ಪೆರೇಡಿಗೆ ಕಾಲಿಟ್ಟ ಪೇಟೆಯವನು ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ಕಾಲಿಡುತ್ತಿದ್ದ.

ವೇಲ್ಸ್ ರಾಜಕುಮಾರನು 1906ರ ಫೆಬ್ರವರಿಯಲ್ಲಿ ಅನಾವರಣ ಮಾಡಿದ ವಿಕ್ಟೋರಿಯಾ ರಾಣಿಯ ಪ್ರತಿಮೆ ನಿಂತಿರುವುದು ಈ ಸೀಮೆಯಲ್ಲಿಯೇ, ಉದ್ಯಾನ ಮುಗಿದು ರಸ್ತೆ ಆರಂಭವಾಗುವಲ್ಲಿ. ಥಾಮಸ್ ಬ್ರಾಕ್ ಎಂಬ ಶಿಲ್ಪಿ ಕಡೆದ ಈ ಅಮೃತಶಿಲೆಯ ಮೂರ್ತಿ ಎರಡು ಊರುಗಳ ನಡುವಣ ಎಲ್ಲೆಗಲ್ಲಿನಂತೆ ಕೆಲಸ ಮಾಡಿತೆಂದರೆ ತಪ್ಪಾಗಲಾರದು.

ಈಗ 1947ರಿಂದ 1949ರವರೆಗಿನ ಘಟನೆಗಳನ್ನು ಕ್ರಮವಾಗಿ ಇಟ್ಟು ನೋಡೋಣ. 1947ರ ಜುಲೈ ತಿಂಗಳ ಕೊನೆಯಲ್ಲಿ, ಭಾರತದ ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳ ಮುಂಚೆ, ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಹಿಂದಿರುಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಆರಂಭವಾಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ರಚಿತವಾಯಿತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆ. ನಾಲ್ಕು ವಾರ ಕಳೆಯುವುದರೊಳಗೆ, ಫೆಬ್ರವರಿ 26ರಂದು, ಸೌತ್ ಪೆರೇಡಿಗೆ ಅವರ ಹೆಸರು. ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಆದುದು 1949ರ ಡಿಸೆಂಬರಿನಲ್ಲಿ. ಅಂದರೆ ಹೆಸರು ಬದಲಾದ ದಿನ ದಂಡು ಮೈಸೂರಿಗೆ ಸೇರಿದ್ದಿತು, ಬೆಂಗಳೂರು ನಗರಕ್ಕೆ ಸೇರಿರಲಿಲ್ಲ. ಎರಡು ಊರುಗಳು ಕಾಗದದ ಮೇಲೆ ಒಂದಾಗುವುದಕ್ಕೆ ಸುಮಾರು ಇಪ್ಪತ್ತೊಂದು ತಿಂಗಳು ಮುಂಚೆಯೇ ದಂಡಿನ ಮುಖ್ಯ ರಸ್ತೆ ಎರಡೂ ಊರುಗಳ ಜನಕ್ಕೆ ಸಮಾನವಾಗಿ ಪೂಜ್ಯವಾದ ಒಂದು ಹೆಸರನ್ನು ಪಡೆಯಿತು.

ಈ ಕಾಲಕ್ರಮದಿಂದ ನಮ್ಮ ಅಭಿಪ್ರಾಯ ಇಂತಿದೆ. ನಾಮಾಂತರವನ್ನು ಆಂಗ್ಲರ ನಿರ್ಗಮನದ ಫಲವೆಂದು ಮಾತ್ರ ಗಣಿಸುವುದು ಸಾಲದು. ಎರಡು ಬೆಂಗಳೂರುಗಳ ಐಕ್ಯದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದೆಂದು ಎಣಿಸಬೇಕು. ಕವಾಯತು ಮೈದಾನದಲ್ಲಿ ನಿಂತವನಿಗಷ್ಟೆ ಅರ್ಥವಾಗುತ್ತಿದ್ದ ಹೆಸರು ಹೋಗಿ, ಎಲ್ಲಿ ನಿಂತವನಿಗೂ ಅರ್ಥವಾಗುವ ಹೆಸರು ಬಂದಿತು. ಅದೇ ವರ್ಷದ ಜೂನಿನಲ್ಲಿ 'ಡೆಕ್ಕನ್ ಹೆರಾಲ್ಡ್', ಅಕ್ಟೋಬರಿನಲ್ಲಿ 'ಪ್ರಜಾವಾಣಿ' ಈ ರಸ್ತೆಯಿಂದಲೇ ಹೊರಟವು. ದಂಡಿನ ಹೃದಯದಲ್ಲಿ ಒಂದು ಕನ್ನಡ ದಿನಪತ್ರಿಕೆ ಹುಟ್ಟುವುದು ಹತ್ತು ವರ್ಷ ಮುಂಚೆ ಊಹಿಸಲು ಕಷ್ಟವಾದ ಸಂಗತಿ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ನಾವು ಕಲ್ಪಿಸುತ್ತಿಲ್ಲ. ಒಂದೇ ಗಾಳಿ ಬೀಸುತ್ತಿದ್ದಿತೆಂದಷ್ಟೆ ಹೇಳುತ್ತೇವೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಗಾಂಧೀಜಿಯವರಿಗೆ ಬೆಂಗಳೂರಿನ ನಿಕಟ ಪರಿಚಯವಿದ್ದಿತು. 1915ರಲ್ಲಿ ಅವರು ಇಲ್ಲಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಿದರು. 1927ರಲ್ಲಿ ಅನಾರೋಗ್ಯದ ನಿಮಿತ್ತ ನಂದಿಬೆಟ್ಟದಲ್ಲಿಯೂ ಅನಂತರ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿಯೂ ತಿಂಗಳುಗಟ್ಟಲೆ ತಂಗಿದ್ದರು. ಕುಮಾರ ಪಾರ್ಕು ದಂಡಿನಲ್ಲಿಲ್ಲ, ಮಹಾರಾಜರ ಬೆಂಗಳೂರಿನಲ್ಲಿದೆ. ಅವರ ವಾಸದ ನೆನಪಿಗಾಗಿಯೇ ರಸ್ತೆಯೊಂದನ್ನು ಆರಿಸಬೇಕಾಗಿದ್ದರೆ ಸೌತ್ ಪೆರೇಡಿಗೆ ಆ ಹಕ್ಕು ಬರುತ್ತಿರಲಿಲ್ಲ. ಆದುದರಿಂದ ಆಯ್ಕೆ ನಡೆದುದು ಗಾಂಧೀಜಿಯವರಿಗೂ ರಸ್ತೆಗೂ ಇದ್ದ ಸಂಬಂಧದಿಂದಲ್ಲ, ದಂಡಿನಲ್ಲಿ ಆ ರಸ್ತೆಗೆ ಇದ್ದ ಸ್ಥಾನದಿಂದ ಎಂದು ತಿಳಿಯಬೇಕು. ಅಹಿಂಸೆಯ ಆಚಾರ್ಯನ ಹೆಸರು ಕವಾಯತಿನ ಹೆಸರಿನ ಮೇಲೆ ಬಂದು ಕುಳಿತುದರಲ್ಲಿ ಒಂದು ಔಚಿತ್ಯವುಂಟೆಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ. ಮುಂದೆ ಸಿಡ್ನಿ ರಸ್ತೆಗೆ ಕಸ್ತೂರಬಾ ಅವರ ಹೆಸರು ಬಂದಿತು. ಪತಿಪತ್ನಿಯರ ಹೆಸರಿನ ಈ ಎರಡು ರಸ್ತೆಗಳು ಸಂಧಿಸುವುದು ವಿಕ್ಟೋರಿಯಾ ರಾಣಿಯ ಪಾದದ ಬಳಿ!

ಹೆಸರನ್ನು ಇಡುವುದು ಒಂದು, ನಾಲಗೆ ಅದನ್ನು ಒಪ್ಪುವುದು ಮತ್ತೊಂದು. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನಕ್ಕೆ ಮೊದಲು ಮೀಡ್ಸ್ ಪಾರ್ಕ್ ಎಂದು ಹೆಸರಿತ್ತು. ಅದು ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ದಂಡನ್ನು ಬಿಟ್ಟು ರಾಜ್ಯವನ್ನು ಪಡೆದ ಅರಸನ ಹೆಸರು ದಂಡಿನ ಹೊಸ್ತಿಲಿನ ತೋಟಕ್ಕೆ ಬಂದಿತು. ಆದರೆ ಜನರ ಬಾಯಲ್ಲಿ ಇಂದಿಗೂ ಅದು ಕಬ್ಬನ್ ಪಾರ್ಕೇ. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರಿಯಪ್ಪನವರ ಹೆಸರಿದ್ದರೂ ಹಳೆಯ ಹೆಸರಿನಿಂದಲೇ ಅದನ್ನು ಕರೆಯುವವರು ಹೆಚ್ಚು. ಇದಕ್ಕೆ ಪ್ರತಿಯಾಗಿ ಪೇಟೆಯ ದೊಡ್ಡಪೇಟೆಯನ್ನು ನೋಡಿ. ಅದು ದಂಡಿನ ಬೀದಿಯಲ್ಲ. ಆದರೂ ಆಂಗ್ಲರ ಕಾಲದಲ್ಲಿ ಅದಕ್ಕೆ ಬಂದ ಅವೆನ್ಯೂ ರಸ್ತೆ ಎಂಬ ಹೆಸರು ಗಟ್ಟಿಯಾಗಿ ನೆಲೆಯೂರಿ, ದೊಡ್ಡಪೇಟೆ ಎಂಬುದನ್ನು ಈಗ ವಿವರಿಸಿ ಹೇಳಬೇಕಾಗಿದೆ. ಕನ್ನಡದ ಹೆಸರು ಸಹಜವಾಗಿ ಗೆಲ್ಲುತ್ತದೆಂದಾಗಲಿ, ಹಳೆಯ ಹೆಸರು ಸಹಜವಾಗಿ ಉಳಿಯುತ್ತದೆಂದಾಗಲಿ ನಿಯಮ ಮಾಡಲು ಈ ಸಾಮಗ್ರಿ ಅವಕಾಶ ಕೊಡುವುದಿಲ್ಲ.

ಸೌತ್ ಪೆರೇಡಿನ ವಿಷಯದಲ್ಲಿ ಹೊಸ ಹೆಸರು ಪೂರ್ಣವಾಗಿ ಗೆದ್ದಿತು. ಆದರೆ ಗೆದ್ದುದು ಯಾವ ರೂಪದಲ್ಲಿ? ಪೂರ್ಣನಾಮವನ್ನು ಹೇಳುವವರು ವಿರಳ, ಬಳಕೆಯಲ್ಲಿರುವುದು 'ಎಂ. ಜಿ. ರೋಡು'. ಈ ಎರಡಕ್ಷರಗಳು ಕನ್ನಡದವಲ್ಲ, ಆಂಗ್ಲ ವರ್ಣಮಾಲೆಯವು. ಕೆಂಪೇಗೌಡ ರಸ್ತೆ 'ಕೆ. ಜಿ.' ಆದುದೂ ಜಯಚಾಮರಾಜೇಂದ್ರ ರಸ್ತೆ 'ಜೆ. ಸಿ.' ಆದುದೂ ಹೀಗೆಯೇ. ಸ್ಮರಣೆಗಾಗಿ ಇಟ್ಟ ಹೆಸರು ಸಂಕ್ಷೇಪಗೊಂಡಾಗ ಸ್ಮರಣೆಯೇ ಮೊದಲು ಸವೆಯುತ್ತದೆ. ದಿಕ್ಕನ್ನು ಹೇಳುವ ಹೆಸರಿಗೆ ಈ ಅಪಾಯವಿಲ್ಲ. ಅಕ್ಕಿಪೇಟೆಯನ್ನು ಎರಡಕ್ಷರ ಮಾಡಿದವರನ್ನು ನಾವು ಕಂಡಿಲ್ಲ.

ಹಳೆಯ ಹೆಸರನ್ನು ಮರಳಿ ತರಬೇಕೆಂದು ನಾವು ವಾದಿಸುತ್ತಿಲ್ಲ. ಆದರೆ ಅದರೊಡನೆ ಹೋದುದೇನೆಂಬುದನ್ನು ವಿದ್ಯಾರ್ಥಿಗಳು ಅರಿತಿರಬೇಕು. ಸಿಡ್ನಿ, ಗ್ರಾಂಟ್ ಮೊದಲಾದ ವ್ಯಕ್ತಿನಾಮಗಳ ರಸ್ತೆಗಳಿಗೆ ಬೇರೆ ಹೆಸರು ಬಂದಾಗ ಊರಿನ ರಚನೆಯ ಬಗೆಗಿನ ಯಾವ ಸಾಕ್ಷ್ಯವೂ ನಷ್ಟವಾಗಲಿಲ್ಲ. ಒಬ್ಬನ ಸ್ಮರಣೆಯ ಸ್ಥಾನದಲ್ಲಿ ಇನ್ನೊಬ್ಬನ ಸ್ಮರಣೆ ಬಂದಿತು, ಅಷ್ಟೆ. ಸೌತ್ ಪೆರೇಡು, ಕ್ಯಾವಲ್ರಿ ರಸ್ತೆ ಇವುಗಳ ಮಾತು ಹಾಗಲ್ಲ. ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾದ ಮೇಲೆ ಇನ್‌ಫೆಂಟ್ರಿ ರಸ್ತೆ ಜೊತೆಯನ್ನು ಕಳೆದುಕೊಂಡು ಒಂಟಿಯಾಗಿದೆ. ಆ ಹೆಸರಿನ ಕಾರಣವೇನೆಂದು ಕೇಳಿದರೆ ಉತ್ತರ ಹೇಳಬಲ್ಲ ನೆರೆಯ ಹೆಸರುಗಳಿಲ್ಲ. ಹಳೆಯ ಕ್ರಯಪತ್ರಗಳಲ್ಲಿ, ನಕ್ಷೆಗಳಲ್ಲಿ, ಪತ್ರಿಕೆಗಳ ಜಾಹೀರಾತುಗಳಲ್ಲಿ ಸೌತ್ ಪೆರೇಡ್ ಎಂದು ಕಂಡಾಗ ಅದು ಬೀದಿಯೋ ಬಯಲೋ ಎಂದು ತಡವರಿಸುವ ಸಂಶೋಧಕರು ಮುಂದೆ ಬರುವುದು ನಿಶ್ಚಯ. ಹೊಸ ಹೆಸರಿನ ಫಲಕದ ಕೆಳಗೆ ಹಳೆಯ ಹೆಸರನ್ನೂ ಕಾಲವನ್ನೂ ಸಣ್ಣ ಅಕ್ಷರಗಳಲ್ಲಿ ಬರೆಯಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ನಾಮಾಂತರದ ನಿರ್ಣಯಗಳನ್ನು ವಾರ್ಡುವಾರಾಗಿ ಸಂಗ್ರಹಿಸಿ ಒಂದು ಸೂಚಿಯನ್ನು ಸಿದ್ಧಪಡಿಸುವುದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಯೋಗ್ಯವಾದ ವಿಷಯ.

ರಸ್ತೆಯ ರೂಪವೂ ಈಚೆಗೆ ಬಹಳ ಬದಲಾಗಿದೆ. ಮೈದಾನದ ಕಡೆ ಮರಗಳ ನೆರಳಿನಲ್ಲಿ ಜನರು ಅಡ್ಡಾಡುತ್ತಿದ್ದ ಕಾಲುದಾರಿಯ ಮೇಲೆ ಮೆಟ್ರೋ ರೈಲಿನ ಮೇಲ್ಸೇತುವೆ ಎದ್ದಿತು. ಬೈಯಪ್ಪನಹಳ್ಳಿಯಿಂದ ಈ ರಸ್ತೆಯವರೆಗೆ ಬೆಂಗಳೂರಿನ ಮೊದಲ ಮೆಟ್ರೋ 2011ರ ಅಕ್ಟೋಬರ್ 20ರಂದು ಓಡಿತು. ಇಲ್ಲಿ ಸಾಲಾಗಿ ಬರುವ ಮೂರು ನಿಲ್ದಾಣಗಳ ಹೆಸರು ಕಬ್ಬನ್ ಪಾರ್ಕ್, ಮಹಾತ್ಮ ಗಾಂಧಿ ರಸ್ತೆ, ಟ್ರಿನಿಟಿ. ಒಬ್ಬ ಕಮಿಷನರನ ಹೆಸರೂ ದಂಡಿನ ಚರ್ಚಿನ ಹೆಸರೂ ಹೊಸ ಫಲಕಗಳನ್ನು ಏರಿವೆ. ಪೆರೇಡ್ ಎಂಬ ಮಾತು ಮೂರರಲ್ಲಿ ಯಾವುದರಲ್ಲಿಯೂ ಇಲ್ಲ. ಮೈದಾನಕ್ಕೆ ಈಗ ಫೀಲ್ಡ್ ಮಾರ್ಷಲ್ ಮಾಣಿಕ್‌ಷಾ ಅವರ ಹೆಸರಿದೆ. ಜನವರಿ 26ರ ಬೆಳಗ್ಗೆ ಕವಾಯತು ನಡೆಯುವುದು ಅಲ್ಲಿಯೇ, ರಸ್ತೆಯ ಉತ್ತರಕ್ಕೆ.